ಯಾವ ವಿಷಕ್ಕೆ ಯಾವ ಪ್ರತಿವಿಷ?

ಘಟಪ್ರಭಾ ನದಿಯ ಬಯಲಿನ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ನೀವು ಸುತ್ತಾಡಿದ್ದರೆ ಅಲ್ಲಿನ ಕಬ್ಬಿನ ಹೊಲಗಳನ್ನು ನೋಡಿಯೇ ಇರುತ್ತೀರಿ. ಮೇಲವಂಕಿಯಂತಹ ಊರಿನ ರೈತ ಪಂಪ್‌ಸೆಟ್ಟಿಗೆ ಕರೆಂಟು ಬಂದ ಹೊತ್ತಿಗೆ ನೀರು ಹಾಯಿಸಬೇಕು. ಅದು ನಡುರಾತ್ರಿಯಾದರೂ ಸರಿ, ಬ್ಯಾಟರಿ ಹಿಡಿದು ಹೊರಡಲೇಬೇಕು. ಕಬ್ಬಿನಲ್ಲಿ ಇಲಿ, ಇಲಿಯ ಹಿಂದೆ ಹಾವು. ಕತ್ತಲಲ್ಲಿ ಆತನ ಕಾಲಿಗೆ ಹಾವು ಕಚ್ಚಿತೆನ್ನಿ. ಆಸ್ಪತ್ರೆಯಲ್ಲಿ ಆತನಿಗೆ ಕೊಡುವ ಔಷಧ ಯಾವುದು? ಅದು ಎಲ್ಲ ಹಾವಿನ ವಿಷಕ್ಕೂ ಸಲ್ಲುತ್ತದೆಯೇ? ಈ ಎರಡನೆಯ ಪ್ರಶ್ನೆಯನ್ನು ವಿಜ್ಞಾನಿಗಳು ನೂರು ವರ್ಷಗಳಿಂದ ಮತ್ತೆ ಮತ್ತೆ ಕೇಳುತ್ತಲೇ ಬಂದಿದ್ದಾರೆ.

ಮೊದಲು ವಿಷದ ಕೆಲಸವನ್ನು ನೋಡೋಣ. ನಾಗರಹಾವಿನ ವಿಷವು ನರದಿಂದ ಸ್ನಾಯುವಿಗೆ ಸಂದೇಶ ತಲುಪುವ ಜಾಗದಲ್ಲಿ, ಸ್ನಾಯುವಿನ ಕಡೆಯ ಗ್ರಾಹಕಗಳನ್ನು ಮುಚ್ಚುತ್ತದೆ. ಕಟ್ಟುಹಾವಿನ ವಿಷ ಅದೇ ಜಾಗದಲ್ಲಿ ನರದ ತುದಿಯನ್ನೇ ಹಾಳುಮಾಡುತ್ತದೆ. ಎರಡರಲ್ಲೂ ರೆಪ್ಪೆ ಜೋಲುತ್ತದೆ, ನುಂಗಲಾಗುವುದಿಲ್ಲ, ಕೊನೆಗೆ ಉಸಿರು ನಿಲ್ಲುತ್ತದೆ. ಕಟ್ಟುಹಾವಿನ ಕಡಿತದಲ್ಲಿ ನೋವು, ಊತ ಇಲ್ಲವೆನ್ನುವಷ್ಟು ಕಡಿಮೆ. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದಾಗ ಹಾವಿನ ನೆನಪೇ ಯಾರಿಗೂ ಬರದಿರಬಹುದು. ಕೊಳಕುಮಂಡಲ ಮತ್ತು ಗರಗಸಮಂಡಲಗಳ ದಾರಿ ಬೇರೆ. ಅವುಗಳ ವಿಷ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಕೆರಳಿಸಿ ಅವೆಲ್ಲ ಬರಿದಾಗುವಂತೆ ಮಾಡುತ್ತದೆ. ಆಮೇಲೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ಒಸಡಿನಿಂದ, ಗಾಯದಿಂದ ಸೋರುತ್ತಲೇ ಇರುತ್ತದೆ. ಕೊಳಕುಮಂಡಲದ ಕಡಿತದಲ್ಲಿ ಮೂತ್ರಪಿಂಡಗಳೂ ಕೆಡಬಹುದು.

ಭಾರತದ ಹಾವುಗಳ ಬಗ್ಗೆ ಪ್ಯಾಟ್ರಿಕ್ ರಸೆಲ್ 1796ರಲ್ಲಿ ದೊಡ್ಡ ಗ್ರಂಥವೊಂದನ್ನು ಹೊರತಂದ. ಕೊಳಕುಮಂಡಲದ ಇಂಗ್ಲಿಷ್ ಹೆಸರಿನಲ್ಲಿ ಇಂದಿಗೂ ಇರುವುದು ಅವನ ಹೆಸರೇ. 1872ರಲ್ಲಿ ಜೋಸೆಫ್ ಫೇರರ್ ಇಲ್ಲಿನ ವಿಷದ ಹಾವುಗಳನ್ನು ಕುರಿತು ಬರೆದ. ಆಗ ಚಲಾವಣೆಯಲ್ಲಿದ್ದ ಮದ್ದುಗಳನ್ನು ಅವನು ಪ್ರಾಣಿಗಳ ಮೇಲೆ ಪ್ರಯೋಗಿಸಿ ನೋಡಿದ. ನಂಬಬಹುದಾದದ್ದು ಒಂದೂ ಸಿಗಲಿಲ್ಲ. ಆದರೆ ಲಾಡರ್ ಬ್ರಂಟನ್ ಜೊತೆ ನಡೆಸಿದ ಪ್ರಯೋಗಗಳಲ್ಲಿ ಒಂದು ಮುಖ್ಯ ಸಂಗತಿ ಹೊಳೆಯಿತು. ನಾಗರ ವಿಷವೇರಿದ ಪ್ರಾಣಿಗೆ ಕೃತಕ ಉಸಿರಾಟ ಕೊಟ್ಟರೆ ಅದು ಹೆಚ್ಚು ಹೊತ್ತು ಬದುಕುತ್ತಿತ್ತು. ಇಂದು ನರವಿಷದ ರೋಗಿಯನ್ನು ಕೃತಕ ಉಸಿರಾಟದ ಯಂತ್ರಕ್ಕೆ ಹಾಕುವುದರ ಹಿಂದಿನ ತರ್ಕವೂ ಇದೇ.

ನಿಜವಾದ ಪ್ರತಿವಿಷದ ಕಥೆ ಒಂದು ಪ್ರವಾಹದಿಂದ ಶುರುವಾಗುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಕ್ಕೆ ನುಗ್ಗಿದ್ದು ನಿಮಗೆ ನೆನಪಿರಬಹುದು. ಹಾಗೆಯೇ 1891ರಲ್ಲಿ ವಿಯೆಟ್ನಾಮಿನ ಬಾಕ್ ಲಿಯು ಪ್ರದೇಶದಲ್ಲಿ ನೆರೆ ಬಂದು ನಾಗರಹಾವುಗಳು ಮನೆಗಳಿಗೆ ನುಗ್ಗಿದವು. 40 ಜನರಿಗೆ ಕಚ್ಚಿದವು, ನಾಲ್ವರು ಸತ್ತರು. ಆಗ ಸೈಗಾನಿನಲ್ಲಿ ಪಾಶ್ಚರ್ ಸಂಸ್ಥೆಯ ಪ್ರಯೋಗಾಲಯ ನಡೆಸುತ್ತಿದ್ದ ಆಲ್ಬೆರ್ ಕಾಲ್ಮೆಟ್ ಆ ಹಾವುಗಳ ವಿಷದ ಅಧ್ಯಯನಕ್ಕಿಳಿದ. ಪ್ರಾಣಿಗೆ ವಿಷವನ್ನು ಸ್ವಲ್ಪಸ್ವಲ್ಪವಾಗಿ ಚುಚ್ಚುತ್ತ ಹೋದರೆ ಅದರ ರಕ್ತದಲ್ಲಿ ವಿಷವನ್ನು ಕಟ್ಟಿಹಾಕುವ ಗುಣ ಬರುತ್ತದೆಂದು ಅವನೂ, ಪ್ಯಾರಿಸ್ಸಿನ ಫಿಸಾಲಿ ಮತ್ತು ಬೆರ್ಟ್ರಾಂಡರೂ 1894ರ ಫೆಬ್ರವರಿಯಲ್ಲಿ ಪ್ರಕಟಿಸಿದರು. ಇಂದು ನಾವು ಆ ಗುಣವನ್ನು ಪ್ರತಿಕಾಯ ಎನ್ನುತ್ತೇವೆ.

ನಾಗರ ವಿಷದ ವಿರುದ್ಧ ತಯಾರಿಸಿದ ಸೀರಂ ಎಲ್ಲ ಹಾವುಗಳ ವಿಷಕ್ಕೂ ಸಾಕು ಎಂದು ಕಾಲ್ಮೆಟ್ ನಂಬಿದ್ದ. ಎಡವಿದ್ದು ಅಲ್ಲೇ. ಗೋಕಾಕ ಸೀಮೆ ಆಗ ಮುಂಬಯಿ ಪ್ರಾಂತ್ಯದ ಭಾಗ. ಆ ಪ್ರಾಂತ್ಯದ ರಾಜಧಾನಿಯಲ್ಲಿದ್ದ ಪ್ಲೇಗ್ ಸಂಶೋಧನಾ ಪ್ರಯೋಗಾಲಯವೇ 1925ರಲ್ಲಿ ಹಾಫ್ಕಿನ್ ಸಂಸ್ಥೆ ಎಂಬ ಹೆಸರು ಪಡೆಯಿತು. ಅಲ್ಲಿ ಕೆಲಸ ಮಾಡಿದ ಜಾರ್ಜ್ ಲ್ಯಾಂಬ್ ಎಂಬ ವೈದ್ಯ 1900ರ ನಂತರದ ಕೆಲವೇ ವರ್ಷಗಳಲ್ಲಿ ಈ ನಂಬಿಕೆಯನ್ನು ಪರೀಕ್ಷಿಸಿದ. ನಾಗರ ವಿಷದ ಸೀರಂ ಕೊಳಕುಮಂಡಲದ ವಿಷವನ್ನು ತಡೆಯಲಿಲ್ಲ. ಬೀಗಕ್ಕೆ ತಕ್ಕ ಕೀಲಿ ಎನ್ನುವಂತೆ, ಪ್ರತಿಕಾಯವೂ ತನ್ನನ್ನು ಹುಟ್ಟಿಸಿದ ವಿಷಕ್ಕೆ ಮಾತ್ರ ಒಗ್ಗುತ್ತದೆ. ‘ಯಾವ ಹಾವು?’ ಎಂಬ ಪ್ರಶ್ನೆಗೆ ತೂಕ ಬಂದದ್ದು ಹೀಗೆ.

ಭಾರತದಲ್ಲಿ ಕಂಡುಕೊಂಡ ಉತ್ತರ ಬಹುವಿಷ ಪ್ರತಿವಿಷ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷವನ್ನೂ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. ಒಂದು ಸೀಸೆಯಲ್ಲಿ 10 ಮಿ.ಲೀ. ಇರುತ್ತದೆ. ಒಂದು ಮಿ.ಲೀ. ಪ್ರತಿವಿಷ 0.6 ಮಿ.ಗ್ರಾಂ ಕೊಳಕುಮಂಡಲದ ವಿಷವನ್ನು ತಟಸ್ಥಗೊಳಿಸಬೇಕೆಂಬುದು ನಿಯಮ. ಈಗ ನೀವೇ ಲೆಕ್ಕ ಹಾಕಿ. ಕೊಳಕುಮಂಡಲ ಒಮ್ಮೆಗೆ ಚುಚ್ಚುವ ವಿಷ ಸರಾಸರಿ 63 ಮಿ.ಗ್ರಾಂ. ವೈದ್ಯರು ಮೊದಲಿಗೇ ಎಂಟು–ಹತ್ತು ಸೀಸೆ ಕೊಡುವುದೇಕೆಂದು ತಿಳಿಯಿತಲ್ಲವೇ?

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಈ ತಯಾರಿಕೆಗೆ ಬೇಕಾದ ವಿಷದ ಬಹುಪಾಲು ಬಂದದ್ದು 1978ರಲ್ಲಿ ತಮಿಳುನಾಡಿನಲ್ಲಿ ಸ್ಥಾಪನೆಯಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ. ಅಲ್ಲಿನ ಹಾವಿನ ವಿಷವೂ ಬೇರೆ ನಾಡಿನ ಅದೇ ಜಾತಿಯ ಹಾವಿನ ವಿಷವೂ ಒಂದೇ ಏನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ 2021ರಲ್ಲಿ ದೇಶದ ಬೇರೆ ಬೇರೆ ಭಾಗಗಳ ಕೊಳಕುಮಂಡಲಗಳ ವಿಷವನ್ನು ಹೋಲಿಸಿ ಪ್ರಕಟಿಸಿತು. ಜಾತಿ ಒಂದೇ ಆದರೂ ಪ್ರದೇಶದಿಂದ ಪ್ರದೇಶಕ್ಕೆ ವಿಷ ಬದಲಾಗುತ್ತದೆ. ಕೆಲವು ಪ್ರದೇಶಗಳ ವಿಷಕ್ಕೆ ಪೇಟೆಯ ಪ್ರತಿವಿಷ ಸರಿಯಾಗಿ ನಾಟುವುದಿಲ್ಲ. ಇನ್ನು ಪಶ್ಚಿಮಘಟ್ಟದ ಉಬ್ಬುಮೂಗಿನ ಗುಳಿಮಂಡಲಕ್ಕೆ ಈ ನಾಲ್ಕರ ಪ್ರತಿವಿಷ ಉಪಯೋಗವೇ ಇಲ್ಲ. ಲ್ಯಾಂಬ್ ಕೇಳಿದ್ದು ‘ಯಾವ ಹಾವು?’ ಎಂದು. ಈಗ ಅದರ ಜೊತೆಗೆ ‘ಎಲ್ಲಿಯ ಹಾವು?’ ಎಂದೂ ಕೇಳಬೇಕಾಗಿದೆ.

ಇದು ಬರಿಯ ಪ್ರಯೋಗಾಲಯದ ಚರ್ಚೆಯಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಬಹುಪಾಲು ಹಳ್ಳಿಯವರು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಎಲ್ಲಿ ಎಷ್ಟು ಜನಕ್ಕೆ ಕಚ್ಚಿತೆಂದು ತಿಳಿಯದೆ ಎಲ್ಲಿಗೆ ಎಷ್ಟು ಸೀಸೆ ಕಳಿಸಬೇಕೆಂದು ತಿಳಿಯುವುದು ಹೇಗೆ?

ಕೊರತೆಗಳಿವೆಯೆಂದು ಪ್ರತಿವಿಷವನ್ನು ಕಡೆಗಣಿಸಬೇಡಿ. ಇಂದು ನಮ್ಮಲ್ಲಿರುವ ನಿಜವಾದ ಮದ್ದು ಅದೊಂದೇ. ಆದ್ದರಿಂದ ತರಗತಿಯಲ್ಲಿ ಈ ಮಾತುಗಳನ್ನು ಹೇಳಿಕೊಡಿ. ಕಚ್ಚಿದ ಕಾಲನ್ನು ಅಲುಗಾಡಿಸಬಾರದು. ಬಿಗಿಯಾಗಿ ಹಗ್ಗ ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಹಾವನ್ನು ಹುಡುಕುತ್ತಾ ಹೊತ್ತು ಕಳೆಯಬಾರದು. ಆಸ್ಪತ್ರೆಯಲ್ಲಿ ವೈದ್ಯರು ಸ್ವಲ್ಪ ರಕ್ತವನ್ನು ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು, ಓರೆ ಮಾಡಿ ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷವೇರಿದೆ ಎಂದು ತಿಳಿಯುತ್ತಾರೆ. ನಿಮ್ಮ ಶಾಲೆಯ ಪ್ರಯೋಗಾಲಯದಲ್ಲಿರುವ ಅಂಥದೇ ನಳಿಕೆ ರಾತ್ರಿ ನೀರು ಹಾಯಿಸಲು ಹೋದವನ ಜೀವ ಉಳಿಸಬಲ್ಲದು. ಆದರೆ ಮೊದಲು ಆತ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಬೇಕು.