ಮಗ್ಗಿಯಿಂದ ಪೈಥಾನ್‌ವರೆಗೆ



ಧಾರವಾಡದಿಂದ ಬೆಳಗಾವಿಯ ದಾರಿ ಹಿಡಿದರೆ ಬೇಲೂರು ಕೈಗಾರಿಕಾ ಪ್ರದೇಶ ಸಿಗುತ್ತದೆ. ಅಲ್ಲಿಯ ಉಚ್ಚ ನ್ಯಾಯಾಲಯ ಪೀಠದ ಸನಿಹದ ವಾಲ್ಮಿ ಆವರಣದಲ್ಲಿ 2016ರಲ್ಲಿ ಧಾರವಾಡದ ಐಐಟಿ ಆರಂಭವಾಯಿತು. ಮೊದಲ ಮೂರು ವಿಭಾಗಗಳಲ್ಲಿ ಗಣಕ ವಿಜ್ಞಾನವೂ ಒಂದು. ಸಂಸ್ಥೆಯು ಈಗ ಚಿಕ್ಕಮಲ್ಲಿಗವಾಡದ ಸ್ವಂತ ಆವರಣದಲ್ಲಿದೆ.

ಗಣಕ ಕಲಿಯುವವರಿಗೆ ಆರಂಭದಲ್ಲೇ ಎದುರಾಗುವ ಪಾಠವೆಂದರೆ 'ಲೂಪ್', ಅಂದರೆ ಎಣಿಸುತ್ತ ಒಂದೇ ಕೆಲಸವನ್ನು ಮರುಕಳಿಸುವುದು. "ಯಂತ್ರವೇ ಎಣಿಸುವಾಗ ನೀವು ಮಗ್ಗಿ ಬಾಯಿಪಾಠ ಮಾಡಿಸಿದ್ದೇಕೆ, ಸರ್?" ಎಂದು ಕೇಳುವ ಹಳೆಯ ಶಿಷ್ಯರಿಗಾಗಿ ಅದರ ಚರಿತ್ರೆಯನ್ನು ಬರೆಯುತ್ತಿದ್ದೇನೆ.

1843ರಲ್ಲಿ ಏಡಾ ಲವ್‌ಲೇಸ್, ಬ್ಯಾಬೇಜರು ಕಲ್ಪಿಸಿದ ಯಂತ್ರವನ್ನು ಕುರಿತ ಟಿಪ್ಪಣಿಗಳಲ್ಲಿ, ಮತ್ತೆ ಮತ್ತೆ ಬರುವ ಲೆಕ್ಕದ ಗುಂಪನ್ನು 'ಚಕ್ರ'ವೆಂದು ವಿವರಿಸಿದರು. 1951ರ ಸುಮಾರಿಗೆ ಜ್ಯೂರಿಕ್‌ನ ರುಟಿಸ್‌ಹೌಸರ್ ಇದಕ್ಕೆ ಜರ್ಮನ್ನಿನ 'ಫ್ಯೂರ್' ಪದವನ್ನು ಬಳಸಿದರು. ಇಂದಿನ 'ಫಾರ್' ಅದರ ಇಂಗ್ಲಿಷ್ ರೂಪ. 1957ರ ಫೋರ್ಟ್ರಾನ್‌ನಲ್ಲಿ ಅದು 'ಡೂ' ಆಯಿತು. 1964ರಲ್ಲಿ ಕೆಮೆನಿ ಮತ್ತು ಕರ್ಟ್ಜ್ ರೂಪಿಸಿದ ಬೇಸಿಕ್‌ನಲ್ಲಿ 'ಫಾರ್–ನೆಕ್ಸ್ಟ್' ಬಂದಿತು. ಭಾರತದ ಶಾಲೆಗಳಿಗೆ 1984ರ 'ಕ್ಲಾಸ್' ಯೋಜನೆಯಡಿ ಬಂದ ಬಿಬಿಸಿ ಮೈಕ್ರೋ ಗಣಕಗಳಲ್ಲಿ ಇದ್ದುದು ಬೇಸಿಕ್ಕೇ.

1991ರಲ್ಲಿ ಗೀಡೋ ವ್ಯಾನ್ ರಾಸಮ್ ಹೊರತಂದ ಪೈಥಾನ್‌ನಲ್ಲಿ ಒಂದು ವಿಶೇಷವಿದೆ. ಏಳರ ಮಗ್ಗಿ ಬರೆಸಲು 'ರೇಂಜ್(1, 10)' ಎಂದರೆ ಅದು 63ಕ್ಕೇ ನಿಲ್ಲುತ್ತದೆ. ಕೊನೆಯ ಸಂಖ್ಯೆ ಲೆಕ್ಕಕ್ಕಿಲ್ಲ. 70 ಬೇಕಾದರೆ 'ರೇಂಜ್(1, 11)' ಎನ್ನಬೇಕು. ಇದು ಹುಚ್ಚಾಟವಲ್ಲ. ಕೊನೆಯದರಿಂದ ಮೊದಲನೆಯದನ್ನು ಕಳೆದರೆ ಆವರ್ತನೆಗಳ ಸಂಖ್ಯೆ ನೇರವಾಗಿ ದೊರೆಯುತ್ತದೆ. ಸೊನ್ನೆಯಿಂದ ಎಣಿಸುವುದರ ಔಚಿತ್ಯವನ್ನು ಡೈಕ್‌ಸ್ಟ್ರಾ 1982ರಲ್ಲಿ ಇದೇ ತರ್ಕದ ನೆರವಿನಿಂದ ಪ್ರತಿಪಾದಿಸಿದರು.

ಒಂದು ಕಾರ್ಖಾನೆಯಲ್ಲಿ ಹತ್ತು ಕಾರ್ಮಿಕರಿದ್ದಾರೆನ್ನಿ. ಪೈಥಾನ್ ಪಟ್ಟಿಯಲ್ಲಿ ಅವರ ಸ್ಥಾನ ಸೊನ್ನೆಯಿಂದ ಒಂಬತ್ತು. ಪಗಾರದ ಲೆಕ್ಕದಲ್ಲಿ ಯಾರಾದರೂ 'ರೇಂಜ್(1, 10)' ಎಂದು ಬರೆದರೆ ಮೊದಲನೆಯವನ ಪಗಾರ ತಪ್ಪುತ್ತದೆ. ಯಂತ್ರ ತಕರಾರು ಮಾಡುವುದಿಲ್ಲ. ಆದರೆ ಮಗ್ಗಿ ಹೇಳುವ ಮಗು ಒಂದು ಸಾಲು ಬಿಟ್ಟರೆ ಇಡೀ ತರಗತಿ ತಿದ್ದುತ್ತಿತ್ತು.

ಮರುಕಳಿಸುವ ದುಡಿಮೆಯನ್ನು ಯಂತ್ರಕ್ಕೆ ವಹಿಸೋಣ, ಮಕ್ಕಳೆ. ಎಲ್ಲಿ ಆರಂಭ, ಎಲ್ಲಿ ಮುಕ್ತಾಯ, ಯಾರು ಉಳಿದರು ಎಂಬ ಎಚ್ಚರ ಮಾತ್ರ ನಮ್ಮದೇ. ಮಗ್ಗಿ ಕಲಿಸಿದ್ದು ಆ ಎಚ್ಚರವನ್ನೇ.