ಕೋಣೆಯಿಂದ ಬಯಲಿಗೆ ಬಂದ ಚಿತ್ರ

ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥವನ್ನು ನೀವು ಕಂಡಿರಬಹುದು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಅಲ್ಲಿ ಗುಂಡು ಹಾರಿತು. ಮಡಿದವರು ಹಳ್ಳಿಯ ಸಾಮಾನ್ಯರು. ಅವರ ಚಿತ್ರವನ್ನು ಯಾರು ಬರೆಯಬೇಕು, ಎಲ್ಲಿ ಬರೆಯಬೇಕು?

ಅದೇ ವರ್ಷದ ಫೆಬ್ರವರಿಯಲ್ಲಿ ಗುಜರಾತಿನ ಹರಿಪುರದಲ್ಲಿ ಇದಕ್ಕೊಂದು ದಾರಿ ಕಂಡಿತ್ತು. ಅಲ್ಲಿನ ಕಾಂಗ್ರೆಸ್ ಅಧಿವೇಶನಕ್ಕೆ, ಗಾಂಧೀಜಿಯವರ ಕೋರಿಕೆಯಂತೆ, ಶಾಂತಿನಿಕೇತನದ ನಂದಲಾಲ್ ಬೋಸರು ಚಿತ್ರ ಬರೆದುಕೊಟ್ಟರು. ನಮ್ಮ ಕೆ. ವೆಂಕಟಪ್ಪನವರೂ ಬೋಸರೂ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು. ಇಬ್ಬರೂ ಕಲಿತದ್ದು ಕೈಯಲ್ಲಿ ಹಿಡಿದು ನೋಡುವ ನವುರಾದ ನೀರುಬಣ್ಣದ ಕೆಲಸ. ವೆಂಕಟಪ್ಪನವರು ಏಕಾಂತದಲ್ಲಿ ಕುಳಿತು ಆ ಕುಸುರಿಯನ್ನೇ ಬೆಳೆಸಿದರು. ಬೋಸರಾದರೋ ಹರಿಪುರಕ್ಕಾಗಿ ಕೈಯ ಪಳಗಿಕೆಯನ್ನೇ ಬದಲಿಸಿದರು. ಕೈಕಾಗದ, ಮಣ್ಣಿನ ಬಣ್ಣ, ದಪ್ಪ ಗೆರೆ. ಕುಂಬಾರ, ಬಡಗಿ, ಡೋಲಿನವನು ಇವರೇ ವಸ್ತು. ಶಿಷ್ಯರೂ ಕೈಗೂಡಿಸಲು, ಸುಮಾರು 400 ಚಿತ್ರಗಳು ಬಾಗಿಲು ಚಪ್ಪರಗಳಲ್ಲಿ ತೂಗಿದವು. ದಾರಿಹೋಕ ರೈತನೂ ನಿಂತು ನೋಡುವಂತಾಯಿತು.

ಬಯಲಿಗೆ ಬರುವ ಕಲಾವಿದನು ಅಳತೆ, ಬಣ್ಣ, ವಸ್ತು ಮೂರನ್ನೂ ಹೀಗೆ ಜನರನ್ನು ಕೇಳಿ ಆರಿಸಬೇಕು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ಚಿಂತಾಮಣಿ ಸೀಮೆಯ ಕೈವಾರದ ತಾತಯ್ಯನವರು, ಚಿಕ್ಕಬಳ್ಳಾಪುರದ ನಂದಿಬೆಟ್ಟ: ವಸ್ತುವಿಗೇನು ಬಡತನ? ಆದರೆ ಮೊದಲ ಗೋಡೆ ವಿದುರಾಶ್ವತ್ಥದವರಿಗೆ ಸಲ್ಲಲಿ. ಅವರ ಮೊಮ್ಮಕ್ಕಳು ಆ ದಾರಿಯಲ್ಲೇ ಶಾಲೆಗೆ ಹೋಗುವವರಲ್ಲವೆ?