ರಜೆಗೆ ಊರಿಗೆ ಬಂದಾಗ ಗೋಡೆ ಮೇಲೆ ದೊಡ್ಡ ಜೇಡ: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಜುಲೈ ಬಂತೆಂದರೆ ದುಬೈ, ಅಬುಧಾಬಿ, ಶಾರ್ಜಾದ ಶಾಲೆಗಳಿಗೆ ರಜೆ. ಕುಂಬ್ಳೆ, ಅನಂತಪುರ, ಬದಿಯಡ್ಕ ಭಾಗದ ಎಷ್ಟೋ ಮನೆಗಳಿಗೆ ಗಲ್ಫ್ ಕುಟುಂಬಗಳು ಬರುವ ಸಮಯ ಅದು. ಅಲ್ಲಿ ಸುಡು ಬಿಸಿಲು, ಇಲ್ಲಿ ಜೋರು ಮಳೆ. ಹತ್ತಾರು ಮಹಡಿಯ ಫ್ಲಾಟಿನಲ್ಲಿ, ಕಿಟಕಿ ಮುಚ್ಚಿ ಎ.ಸಿ. ಹಾಕಿಕೊಂಡು ಬೆಳೆದ ಮಕ್ಕಳಿಗೆ ಹುಳುಗಳ ಪರಿಚಯವೇ ಕಡಿಮೆ. ಅಂಥ ಮಕ್ಕಳು ಊರಿಗೆ ಬಂದ ಮೊದಲ ರಾತ್ರಿಯೇ ಬಾತ್‌ರೂಮ್ ಗೋಡೆಯಲ್ಲಿ ಅಂಗೈಯಗಲದ ಜೇಡ ಕಂಡರೆ ಏನಾಗುತ್ತದೆ? ಕಿರುಚಾಟ, ಅಳು, "ನಾಳೆಯೇ ವಾಪಸ್ ಹೋಗುವ" ಎಂಬ ಹಟ. ಬೆಂಗಳೂರಿನಿಂದ ಬಂದ ಮಕ್ಕಳದ್ದೂ, ಪಟ್ಟಣದಿಂದ ಮದುವೆಯಾಗಿ ಬಂದ ಸೊಸೆಯರದ್ದೂ ಹೆಚ್ಚು ಕಡಿಮೆ ಇದೇ ಕಥೆ.

ಹೆದರಿಕೆ ತಪ್ಪಲ್ಲ. ಆದರೆ ಹೆಚ್ಚಿನ ಮನೆಗಳಲ್ಲಿ ಹೆದರಿಕೆಯ ಲೆಕ್ಕ ತಲೆಕೆಳಗಾಗಿರುತ್ತದೆ. ಏನೂ ಮಾಡದ ದೊಡ್ಡ ಜೇಡಕ್ಕೆ ಅರ್ಧ ಡಬ್ಬ ಸ್ಪ್ರೇ ಖಾಲಿಯಾಗುತ್ತದೆ. ನಿಜವಾಗಿ ತೊಂದರೆ ಕೊಡುವ ಸಣ್ಣ ಹುಳವನ್ನು ಬರಿಗೈಯಲ್ಲಿ ಉಜ್ಜಿ ಸಾಯಿಸುತ್ತಾರೆ. ಗಾತ್ರ ನೋಡಿ ಅಪಾಯ ಅಳೆಯುವ ಈ ಅಭ್ಯಾಸ ಬಿಟ್ಟರೆ ರಜೆ ನೆಮ್ಮದಿಯಾಗಿ ಕಳೆಯುತ್ತದೆ. ಕೆಲವೊಮ್ಮೆ ಒಂದು ಜೀವವೂ ಉಳಿಯುತ್ತದೆ.

ಅನಂತಪುರದಲ್ಲಿ ಯಾಕೆ ಇಷ್ಟು ಹುಳುಗಳು?

ಕುಂಬ್ಳೆಯಿಂದ ಸುಮಾರು 5 ಕಿ.ಮೀ. ದೂರದ ಅನಂತಪುರ ಕೆಂಪುಕಲ್ಲಿನ ಊರು. ಇಲ್ಲಿನ ಸರೋವರ ಕ್ಷೇತ್ರದ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆಯಿಂದಾಗಿ (2022ರ ಅಕ್ಟೋಬರ್‌ನಲ್ಲಿ ಅದು ಸತ್ತಿತು) ಊರಿನ ಹೆಸರು ದೂರದೂರಕ್ಕೂ ಗೊತ್ತು. ಕೆಂಪುಕಲ್ಲು, ಅಂದರೆ ಮುರಕಲ್ಲಿನಲ್ಲಿ ಸಾವಿರ ತೂತು. ಪಾಗಾರದ ಸಂದು, ಮಣ್ಣಿನ ದರೆ, ಬಾವಿಕಟ್ಟೆ, ಎಲ್ಲ ಕಡೆ ತಂಪಾದ ಅಡಗುತಾಣ. ಸುತ್ತ ತೆಂಗು, ಅಡಿಕೆ, ಗೇರು. ಮನೆ ಹಿಂದೆ ಕಟ್ಟಿಗೆ ರಾಶಿ, ತೆಂಗಿನ ಸಿಪ್ಪೆ, ಒಣಗಿದ ಮಡಲು. ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಜಿಲ್ಲೆ ಇದು. ತೂತುಗಳಲ್ಲಿ ನೀರು ತುಂಬಿದಾಗ ಒಳಗಿದ್ದವು ಒಣ ಜಾಗ ಹುಡುಕಿ ಮನೆಯೊಳಗೆ ಬರುತ್ತವೆ.

ಇನ್ನೊಂದು ಕಾರಣ ಬೀಗ ಹಾಕಿದ ಮನೆ. 10-11 ತಿಂಗಳು ಮುಚ್ಚಿದ ಮನೆಯಲ್ಲಿ ಜಿರಳೆ ಹೆಚ್ಚುತ್ತದೆ, ಜಿರಳೆ ತಿನ್ನಲು ಜೇಡ ಬರುತ್ತದೆ. ಹಾಗಾಗಿ ಜೇಡ ತುಂಬಿದ ಮನೆ ಎಂದರೆ ಜಿರಳೆ ತುಂಬಿದ ಮನೆ ಎಂದೇ ತಿಳಿಯಬೇಕು.

ದೊಡ್ಡದು, ಆದರೆ ಪಾಪದ್ದು

*ಗೋಡೆ ಜೇಡ:* ಮನೆಯೊಳಗೆ ಕಾಣುವ ಚಪ್ಪಟೆ, ಕಂದು ಬಣ್ಣದ ದೊಡ್ಡ ಜೇಡ ಇದು. ವೈಜ್ಞಾನಿಕ ಹೆಸರು ಹೆಟೆರೊಪೊಡ ವೆನಟೋರಿಯ. 1767ರಲ್ಲಿ ಲಿನೇಯಸ್ ದಾಖಲಿಸಿದ ಜಾತಿ. ಕಾಲು ಚಾಚಿದರೆ 7ರಿಂದ 12 ಸೆಂ.ಮೀ. ಇದು ಬಲೆ ಕಟ್ಟುವುದಿಲ್ಲ, ರಾತ್ರಿ ಓಡಾಡಿ ಜಿರಳೆ ಹಿಡಿಯುತ್ತದೆ. ಹೊಟ್ಟೆಯಡಿ ಬಿಳಿ ಬಿಲ್ಲೆಯಂಥದ್ದು ಕಂಡರೆ ಅದು ಮೊಟ್ಟೆಚೀಲ ಹೊತ್ತ ಹೆಣ್ಣು. ಅದನ್ನು ಚಪ್ಪಲಿಯಲ್ಲಿ ಹೊಡೆದರೆ ಮರಿಗಳು ಕೋಣೆ ತುಂಬ ಚದುರಬಹುದು. ಕೈಯಲ್ಲಿ ಹಿಡಿದರೆ ಕಚ್ಚೀತು, ನೋವಾಗುತ್ತದೆ, ಪ್ರಾಣಾಪಾಯವಿಲ್ಲ. ಅಟ್ಟಿಸಿಕೊಂಡು ಬಂದು ಕಚ್ಚುವ ಜೇಡ ಇದಲ್ಲ.

*ತೋಟದ ದೊಡ್ಡ ಜೇಡ:* ಅಡಿಕೆ ಮರಗಳ ನಡುವೆ ಮೀಟರ್ ಅಗಲದ ಬಲೆ ಕಟ್ಟಿ, ಮಧ್ಯದಲ್ಲಿ ಕೂತ ಕಪ್ಪು-ಹಳದಿ ಜೇಡ ನೆಫಿಲ ಪಿಲಿಪೆಸ್. ಕಾಲು ಸೇರಿದರೆ ಹೆಣ್ಣು 20 ಸೆಂ.ಮೀ.ವರೆಗೆ ಬೆಳೆಯುತ್ತದೆ, ಗಂಡು ಕೆಲವೇ ಮಿಲಿಮೀಟರ್. ಬಿಸಿಲಿಗೆ ಬಲೆ ಚಿನ್ನದ ಬಣ್ಣದಲ್ಲಿ ಹೊಳೆಯುತ್ತದೆ. ಬಲೆ ಬಿಟ್ಟು ಮನೆಯೊಳಗೆ ಬರುವ ಜಾತಿಯೇ ಅಲ್ಲ. ತೋಟಕ್ಕೆ ಹೋಗುವಾಗ ಮುಖದ ಮುಂದೆ ಒಂದು ಕೋಲು ಹಿಡಿದರೆ ಸಾಕು.

*ಕೊಂಬಿನ ದುಂಬಿ:* ರಾತ್ರಿ ಲೈಟಿಗೆ ಧಡ್ ಎಂದು ಬಡಿಯುವ 4-5 ಸೆಂ.ಮೀ. ಉದ್ದದ ಕಪ್ಪು ದುಂಬಿ. ಮಲಯಾಳದಲ್ಲಿ ಕೊಂಬನ್ ಚೆಲ್ಲಿ. ಇದು ತೆಂಗಿನ ಸುಳಿ ಕೊರೆಯುವ ಕೀಟ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದ ಕಾಸರಗೋಡಿನ ಸಿಪಿಸಿಆರ್‌ಐ ಇದರ ನಿಯಂತ್ರಣಕ್ಕಾಗಿ ವರ್ಷಗಳಿಂದ ಕೆಲಸ ಮಾಡುತ್ತಿದೆ. ತೆಂಗಿಗೆ ಶತ್ರು, ಮನುಷ್ಯನಿಗೆ ಏನೂ ಮಾಡದು.

*ಅಟ್ಲಾಸ್ ಪತಂಗ:* ಎರಡು ಅಂಗೈ ಸೇರಿಸಿದಷ್ಟು ದೊಡ್ಡದು, ರೆಕ್ಕೆಯ ತುದಿ ಹಾವಿನ ಹೆಡೆಯ ಹಾಗೆ. ಇದಕ್ಕೆ ತಿನ್ನಲು ಉಪಯೋಗಿಸುವ ಬಾಯಿಯೇ ಇಲ್ಲ! ರೆಕ್ಕೆ ಬಂದ ಮೇಲೆ ಒಂದೆರಡು ವಾರ ಬದುಕುತ್ತದೆ ಅಷ್ಟೆ.

*ಚೋರಟೆ:* ಮುಟ್ಟಿದರೆ ಸುತ್ತಿಕೊಳ್ಳುವ ಸಹಸ್ರಪದಿ. ಕಚ್ಚುವುದಿಲ್ಲ. ಅದರ ರಸ ಕೈಗೆ ತಾಗಿದರೆ ಕಲೆಯಾಗುತ್ತದೆ, ಕಣ್ಣಿಗೆ ತಾಗಿದರೆ ಉರಿಯುತ್ತದೆ. ಸಣ್ಣ ಮಕ್ಕಳು ಹಿಡಿಯದಂತೆ ನೋಡಿಕೊಂಡರಾಯಿತು.

ಎಚ್ಚರ ಬೇಕಾದವು

*ಕಿತ್ತಳೆ-ಕಪ್ಪು ಸಣ್ಣ ಹುಳ:* 7ರಿಂದ 10 ಮಿ.ಮೀ. ಉದ್ದ, ಇರುವೆಯಂತೆ ಕಾಣುತ್ತದೆ. ಹೆಸರು ಪೀಡೆರಸ್; 'ನೈರೋಬಿ ನೊಣ', 'ಆಸಿಡ್ ಹುಳ' ಎಂದೂ ಕರೆಯುತ್ತಾರೆ. ಇದು ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ಆದರೆ ಚರ್ಮದ ಮೇಲೆ ಉಜ್ಜಿದರೆ ಒಳಗಿನ ಪೀಡೆರಿನ್ ಎಂಬ ವಿಷದಿಂದ ಒಂದೆರಡು ದಿನದೊಳಗೆ ಚರ್ಮ ಕೆಂಪಾಗಿ ಗುಳ್ಳೆ ಏಳುತ್ತದೆ. 2022ರ ಜುಲೈಯಲ್ಲಿ ಸಿಕ್ಕಿಂನ ಒಂದು ಕಾಲೇಜಿನ ಸುಮಾರು 100 ವಿದ್ಯಾರ್ಥಿಗಳಿಗೆ ಹೀಗಾಗಿ ದೇಶವಿಡೀ ಸುದ್ದಿಯಾಗಿತ್ತು. ಮೈಮೇಲೆ ಕೂತರೆ ಊದಿ ಓಡಿಸಿ, ಇಲ್ಲವೇ ಕಾಗದಕ್ಕೆ ಹತ್ತಿಸಿ ಹೊರಗೆ ಬಿಡಿ. ಉಜ್ಜಿ ಆಗಿದ್ದರೆ ತಕ್ಷಣ ಸಾಬೂನು ಹಾಕಿ ತೊಳೆಯಿರಿ, ಆ ಕೈ ಕಣ್ಣಿಗೆ ತಾಗಿಸಬೇಡಿ.

ನಮ್ಮಲ್ಲಿ ಇಂಥ ಗುಳ್ಳೆ ಎದ್ದರೆ "ಜೇಡ ಮೂತ್ರ ಮಾಡಿದ್ದು" ಅನ್ನುವ ಮಾತಿದೆ. ಜೇಡದ ಮೂತ್ರದಿಂದ ಗುಳ್ಳೆ ಬರುವುದಿಲ್ಲ. ಒಂದೋ ಈ ಹುಳ, ಇಲ್ಲದಿದ್ದರೆ ಸರ್ಪಸುತ್ತು. ಮೈಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಗುಳ್ಳೆ ಎದ್ದು ವಿಪರೀತ ನೋವಿದ್ದರೆ ಅದು ಸರ್ಪಸುತ್ತಿನ ಲಕ್ಷಣ; ಕಾರಣ ಚಿಕನ್‌ಪಾಕ್ಸ್‌ನ ವೈರಸ್. ಅದರ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಪರಿಣಾಮ ಹೆಚ್ಚು. ಜೇಡದ ಮೇಲೆ ತಪ್ಪು ಹೊರಿಸಿ ಮನೆಮದ್ದು ಹಚ್ಚುತ್ತಾ ಕೂತರೆ ಆ ಮೂರು ದಿನ ಹಾಗೇ ಕಳೆದುಹೋಗುತ್ತದೆ. ವಯಸ್ಸಾದವರ ವಿಷಯದಲ್ಲಿ ಇದು ಮುಖ್ಯ.

*ಶತಪದಿ:* ಮಲಯಾಳದಲ್ಲಿ ಪಳುತಾರ. ಒದ್ದೆ ಬಟ್ಟೆ, ಕಾಲೊರಸು, ಶೂ, ಬಚ್ಚಲಿನ ತೂತು ಇದರ ಜಾಗಗಳು. ದೊಡ್ಡದು ಕಚ್ಚಿದರೆ ಗಂಟೆಗಟ್ಟಲೆ ಉರಿ ನೋವು, ಊತ. ಸಾಬೂನು ನೀರಿನಲ್ಲಿ ತೊಳೆದು, ಐಸನ್ನು ಬಟ್ಟೆಯಲ್ಲಿ ಸುತ್ತಿ 10 ನಿಮಿಷ ಇಟ್ಟರೆ ನೋವು ಕಡಿಮೆಯಾಗುತ್ತದೆ.

*ಚೇಳು:* ಇಲ್ಲಿಯೂ ಗಾತ್ರ ಮೋಸ ಮಾಡುತ್ತದೆ. ದಪ್ಪ ಇಕ್ಕಳದ ದೊಡ್ಡ ಕಪ್ಪು ಚೇಳಿನ ಕುಟುಕು ನೋವು ಕೊಡುತ್ತದೆ, ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುತ್ತದೆ. ತೆಳು ಇಕ್ಕಳದ, ಕೆಂಪು-ಕಂದು ಬಣ್ಣದ ಸಣ್ಣ ಚೇಳು ಮಕ್ಕಳ ಹೃದಯಕ್ಕೇ ಪೆಟ್ಟು ಕೊಡಬಲ್ಲದು. ಕೊಂಕಣದ ಮಹಾಡ್ ಎಂಬಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಈ ಕೆಂಪು ಚೇಳಿನ ಕುಟುಕಿಗೆ ಪ್ರಾಜೋಸಿನ್ ಎಂಬ ಔಷಧಿಯ ಉಪಯೋಗ ತೋರಿಸಿಕೊಟ್ಟರು. ಅದರಿಂದ, ತೀವ್ರವಾಗಿ ವಿಷವೇರಿದವರಲ್ಲಿ ಶೇ. 40ರಷ್ಟಿದ್ದ ಸಾವು ಶೇ. 1ರ ಹತ್ತಿರಕ್ಕೆ ಇಳಿಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಂದರೆ ಮದ್ದು ಇದೆ, ಆದರೆ ಅದು ಆಸ್ಪತ್ರೆಯಲ್ಲಿ ಕೊಡಬೇಕಾದ ಮದ್ದು. ಚೇಳು ಕುಟುಕಿದ ಮಗುವಿಗೆ ವಿಪರೀತ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ ಒಂದು ನಿಮಿಷವೂ ಕಾಯಬಾರದು.

*ಕಣಜ ಮತ್ತು ಹೆಜ್ಜೇನು:* ಮಲಯಾಳದಲ್ಲಿ ಕಡನ್ನಲ್ ಎನ್ನುವ ಕಣಜ ಒಂದೇ ಹುಳ ಹಲವು ಬಾರಿ ಚುಚ್ಚುತ್ತದೆ. ಜೇನು ತನ್ನ ಮುಳ್ಳು ಬಿಟ್ಟು ಹೋಗುತ್ತದೆ. ಅದನ್ನು ಉಗುರಿನಿಂದಲೋ ಕಾರ್ಡ್‌ನಿಂದಲೋ ಕೂಡಲೇ ಕೆರೆದು ತೆಗೆಯಬೇಕು. ಅಲರ್ಜಿ ಇದ್ದವರಿಗೆ ಒಂದೇ ಕುಟುಕು ಸಾಕು: ತುಟಿ, ಕಣ್ಣು ಊದುವುದು, ಮೈಯೆಲ್ಲ ದದ್ದು, ಉಸಿರು ಕಟ್ಟುವುದು, ತಲೆಸುತ್ತು. ಇದು ನಿಮಿಷಗಳ ವ್ಯವಹಾರ. ಗೂಡಿಗೆ ಕಲ್ಲು ಹೊಡೆಯುವ ಹುಡುಗಾಟ ಮಾತ್ರ ಬೇಡವೇ ಬೇಡ.

"ಏನೋ ಹುಳ ಕಚ್ಚಿರಬೇಕು"

ಈ ಒಂದು ಮಾತಿನ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಕಟ್ಟುಹಾವು, ಮಲಯಾಳದಲ್ಲಿ ವೆಳ್ಳಿಕ್ಕೆಟ್ಟನ್, ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುವುದುಂಟು. ಅದರ ಕಡಿತದಲ್ಲಿ ನೋವು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಗುರುತೂ ಸರಿಯಾಗಿ ಕಾಣುವುದಿಲ್ಲ. ಹುಳ ಕಚ್ಚಿದ್ದೆಂದು ಮತ್ತೆ ಮಲಗಿಬಿಡುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಹೊಟ್ಟೆನೋವು, ರೆಪ್ಪೆ ಜೋತು ಬೀಳುವುದು, ಮಾತು ತೊದಲುವುದು, ನುಂಗಲು ಕಷ್ಟ ಶುರುವಾದರೆ ಅದು ಹುಳವಲ್ಲ. ಕೂಡಲೇ ಹಾವಿನ ವಿಷಕ್ಕೆ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಹೊರಡಬೇಕು.

ಯಾವುದೇ ಕಡಿತಕ್ಕೂ ಗಾಯ ಕೊಯ್ಯುವುದು, ಬಾಯಲ್ಲಿ ಹೀರುವುದು, ಹಗ್ಗ ಬಿಗಿಯುವುದು, ಸುಣ್ಣ, ಸೀಮೆಎಣ್ಣೆ, ಟೂತ್‌ಪೇಸ್ಟ್ ಹಚ್ಚುವುದು ಬೇಡ. ಆಂಬ್ಯುಲೆನ್ಸ್‌ಗೆ 108, ಇತರ ತುರ್ತಿಗೆ 112. ಕೇರಳದಲ್ಲೂ ಕರ್ನಾಟಕದಲ್ಲೂ ಇದೇ ನಂಬರ್. ಗಲ್ಫಿನಿಂದ ಬಂದವರ ಫೋನಿನಲ್ಲಿ ಊರಿನ ಸಿಮ್ ಇಲ್ಲದಿರುವುದೇ ಹೆಚ್ಚು. ಬಂದ ದಿನವೇ ಆ ವ್ಯವಸ್ಥೆ ಮಾಡಿಕೊಳ್ಳಿ.

ಮನೆ ಬೀಗ ತೆಗೆಯುವ ಮೊದಲು, ತೆಗೆದ ಮೇಲೆ

- ಮಕ್ಕಳು ಬರುವ 3-4 ದಿನ ಮೊದಲೇ ಯಾರಾದರೂ ಸಂಬಂಧಿಕರಿಗೆ ಹೇಳಿ ಮನೆ ತೆರೆಸಿ, ಗುಡಿಸಿ, ಹಗಲು ಕಿಟಕಿ ಬಾಗಿಲು ತೆರೆದಿಡಿ. ಮಂಚದಡಿ, ಕಪಾಟು, ಮಡಚಿಟ್ಟ ಹಾಸಿಗೆ ಕೊಡವಿಸಿ.
- ಬಚ್ಚಲಿನ ತೂತಿಗೆ ಜಾಲರಿ, ಬಾಗಿಲಿನ ಕೆಳಸಂದಿಗೆ ರಬ್ಬರ್ ಪಟ್ಟಿ, ಕಿಟಕಿಗೆ ಸೊಳ್ಳೆ ಪರದೆ. ಡಬ್ಬಗಟ್ಟಲೆ ಸ್ಪ್ರೇ ತರುವುದಕ್ಕಿಂತ ಇದು ಲಾಭದ ಖರ್ಚು. ಒಮ್ಮೆ ಹಾಕಿದರೆ ಎಷ್ಟೋ ರಜೆಗೆ ಬರುತ್ತದೆ.
- ಮುಸ್ಸಂಜೆಗೆ ಕಿಟಕಿ ಮುಚ್ಚಿ. ಜಗಲಿಗೆ ಬಿಳಿ ಲೈಟಿನ ಬದಲು ಹಳದಿ ಎಲ್‌ಇಡಿ ಹಾಕಿದರೆ ಹುಳ ಕಡಿಮೆ ಬರುತ್ತದೆ. ರೆಕ್ಕೆ ಬಂದ ಗೆದ್ದಲು ಮುತ್ತಿದ ದಿನ ಲೈಟ್ ಅರ್ಧ ಗಂಟೆ ಆರಿಸಿದರೆ ಸಾಕು.
- ಕಟ್ಟಿಗೆ, ಸಿಪ್ಪೆ, ಹಳೆ ಹಂಚಿನ ರಾಶಿ ಗೋಡೆಗೆ ತಾಗಿ ಇರಬಾರದು.
- ಶೂ, ಹೆಲ್ಮೆಟ್, ಕೊಡೆ, ಹಗ್ಗದಲ್ಲಿ ಒಣಗಿದ ಬಟ್ಟೆ, ಎಲ್ಲವನ್ನೂ ಕೊಡವಿ ಉಪಯೋಗಿಸಿ. ಸುಬುಹಿಗೆ ಹೊರಡುವವರು, ರಾತ್ರಿ ಅಂಗಳಕ್ಕೆ ಇಳಿಯುವವರು ಟಾರ್ಚ್ ಮತ್ತು ಚಪ್ಪಲಿ ಮರೆಯಬೇಡಿ.
- ಸೊಳ್ಳೆ ಪರದೆಯನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿ. ಸೊಳ್ಳೆ ಮಾತ್ರವಲ್ಲ, ಜೇಡ, ಶತಪದಿ, ಹಾವಿನಿಂದಲೂ ರಕ್ಷಣೆ. ಹೆದರುವ ಮಗುವಿಗೆ ನಿದ್ದೆ ಬರುವುದೂ ಇದರೊಳಗೇ.
- ಮಕ್ಕಳು ಇರುವ ಮುಚ್ಚಿದ ಕೋಣೆಯಲ್ಲಿ ಸ್ಪ್ರೇ ಹೊಡೆಯಬೇಡಿ, ಉಬ್ಬಸ ಇದ್ದವರಿದ್ದರೆ ಖಂಡಿತಾ ಬೇಡ.

ಮಕ್ಕಳ ಹೆದರಿಕೆಗೆ ಏನು ಮಾಡುವುದು?

ಮೊದಲು, ನಗಬೇಡಿ. "ಇಷ್ಟಕ್ಕೆಲ್ಲ ಹೆದರುವುದಾ" ಎಂದು ಎಲ್ಲರ ಮುಂದೆ ಹೇಳಿದರೆ ಹೆದರಿಕೆ ಹೋಗುವುದಿಲ್ಲ, ನಾಚಿಕೆಯೂ ಸೇರುತ್ತದೆ. "ಊಟ ಮಾಡದಿದ್ದರೆ ಜೇಡ ಬರುತ್ತದೆ" ಎಂದು ಬೆದರಿಸುವುದೂ, ಸತ್ತ ದುಂಬಿಯನ್ನು ಮೈಮೇಲೆ ಎಸೆದು ತಮಾಷೆ ಮಾಡುವುದೂ ನಿಲ್ಲಬೇಕು.

ಹೆದರಿಕೆ ಕಡಿಮೆಯಾಗುವುದು ಹಂತ ಹಂತವಾಗಿ. ಮೊದಲ ದಿನ ಫೋಟೋ, ಮರುದಿನ ಬಾಗಿಲಿನಿಂದಲೇ ನೋಡುವುದು, ಆಮೇಲೆ ದೊಡ್ಡವರು ಹಿಡಿಯುವಾಗ ಪಕ್ಕ ನಿಲ್ಲುವುದು. ಹಿಡಿಯುವುದು ಸುಲಭ: ಅಗಲ ಬಾಯಿಯ ಪಾರದರ್ಶಕ ಡಬ್ಬವನ್ನು ಜೇಡದ ಮೇಲೆ ನಿಧಾನ ಮುಚ್ಚಿ, ಗೋಡೆ ಮತ್ತು ಡಬ್ಬದ ನಡುವೆ ದಪ್ಪ ಕಾಗದ ಜಾರಿಸಿ, ತೋಟಕ್ಕೆ ಬಿಟ್ಟು ಬನ್ನಿ. ಡಬ್ಬದೊಳಗಿನ ಜೇಡವನ್ನು ಎರಡು ನಿಮಿಷ ನೋಡಿದ ಮಗು ಅದರ ಕಣ್ಣು, ಕಾಲು ಎಣಿಸಲು ಶುರು ಮಾಡುತ್ತದೆ. ಮಲಯಾಳದಲ್ಲಿ ಜೇಡಕ್ಕೆ ಎಟ್ಟುಕಾಲಿ, ಅಂದರೆ ಎಂಟು ಕಾಲಿನದು ಎಂಬ ಹೆಸರು. ಕಣ್ಣೂ ಹೆಚ್ಚಿನ ಜೇಡಗಳಿಗೆ ಎಂಟೇ.

ಯುವಕರಿಗೆ ಇನ್ನೊಂದು ಕೆಲಸವಿದೆ. ಹೇಗೂ ಕೈಯಲ್ಲಿ ಫೋನ್ ಇದೆ. ಕಂಡದ್ದರ ಫೋಟೋ ತೆಗೆದು ಐನ್ಯಾಚುರಲಿಸ್ಟ್ ಆ್ಯಪ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಹಾಕಿದರೆ ತಿಳಿದವರು ಹೆಸರು ಹೇಳುತ್ತಾರೆ, ಊರಿನ ದಾಖಲೆಗೂ ಸೇರುತ್ತದೆ. ಕಚ್ಚಿದ ಸಂದರ್ಭದಲ್ಲಿ ಮಾತ್ರ ಫೋಟೋಗಾಗಿ ಹುಳದ ಹಿಂದೆ ಹೋಗಿ ಸಮಯ ಹಾಳು ಮಾಡಬೇಡಿ. ಸುಲಭವಾಗಿ ಸಿಕ್ಕಿದರೆ ಒಂದು ಕ್ಲಿಕ್, ಇಲ್ಲದಿದ್ದರೆ ನೇರ ಆಸ್ಪತ್ರೆ.

ವರ್ಷಕ್ಕೊಮ್ಮೆ ಸಿಗುವ ರಜೆ ಇದು. ಅಜ್ಜ-ಅಜ್ಜಿಯ ಮನೆ ಎಂದರೆ ಹುಳದ ಮನೆ ಎಂದು ಮಕ್ಕಳ ತಲೆಯಲ್ಲಿ ಕೂತರೆ ಮುಂದಿನ ವರ್ಷ ಬರಲು ಒಪ್ಪುವುದಿಲ್ಲ, ದೊಡ್ಡವರಾದ ಮೇಲಂತೂ ಬರುವುದೇ ಇಲ್ಲ. ಮೇಲೆ ಹೇಳಿದ ಎರಡು ಪಟ್ಟಿಗಳನ್ನು, ಅಂದರೆ ಪಾಪದ್ದು ಯಾವುದು, ಎಚ್ಚರ ಬೇಕಾದ್ದು ಯಾವುದು ಎಂಬುದನ್ನು, ಊರಿಗೆ ಹೊರಡುವ ಮೊದಲೇ ಮಕ್ಕಳಿಗೆ ಓದಿ ಹೇಳಿ.